“ಪಟ್ಟಿ ಬಿಡ್ರಿ, ಎರಡು ತಾಸಾತು”

ಇದು ರಿಯಾಜಗ ಆಗಿದ್ದು. ರಿಯಾಜ ಅಂದ್ರ ನಮ್ಮ ಖಾಲಾನ ಮಗ, ನನ್ನ ತಾಯಿಯ ತಂಗಿ ಮಗ. ಪವಾಯಿಯೊಳಗ ಎಸಿ ರಿಪೇರಿ ಮಾಡ್ತಾನ, ಇರೋದು ಜೋಗೇಶ್ವರಿ ಚಾಳಿನ್ಯಾಗ. ಸುಳ್ಳು ಹೇಳಾಕ ಮಾತು ಬೇಕಲ್ರಿ, ಅಂವಗ ಮಾತ ಕಡಿಮಿ.

ಹ್ವಾದ ವರ್ಷ, ಮಳಿಗಾಲ ಮುಗದಿತ್ತು. ರಾತ್ರಿ ಹನ್ನೆರಡು ದಾಟೇತಿ. ಬಸ್ ಇಳದು ಒಬ್ಬನ ನಡಕೋತ ಹೊಂಟಾನ. ದಾರ್ಯಾಗ ಒಂದು ಹಳೇ ಬಾವಿ. ಮ್ಯಾಲ ಕಬ್ಬಿಣದ ಜಾಳಿಗಿ ಹಾಕಿ ಬೀಗ ಬಡದಾರ. ಹಗ್ಗ ಇಲ್ಲ, ಗಾಲಿ ಇಲ್ಲ. ಆದ್ರ ಅವತ್ತು... ಕಿರ್ರ್... ಕಿರ್ರ್... ಯಾರೋ ನೀರು ಸೇದಿದಂಗ. ಆಮ್ಯಾಲ ಕೊಡ ಮುಳುಗಿದಂಗ, ಬುಳುಂಗ್.

ತಿರುಗಿ ನೋಡಿದ. ಅಷ್ಟ. ಬಲಗಾಲು ಮುಚ್ಚಳ ಇಲ್ಲದ ಗಟಾರಕ್ಕ ಇಳೀತು. ಟಕ್.

ಮೊಣಕಾಲ ಕೆಳಗ ಎಲುಬು ಮುರದಿತ್ತು. ನೋವ ಆಗಲಿಲ್ಲಂತ. ಕಾಲು ತನ್ನದಲ್ಲ ಅನ್ನೋಹಂಗ ನೋಡಕೋತ ಕುಂತಿದ್ದ. ಅಷ್ಟರಾಗ ಒಬ್ಬಾಕಿ ಬಂದು ಅವನ ಕಾಲ ಕಡೆ ಕುಂತ್ಲು. ಮುಖ ಕಾಣಲಿಲ್ಲ. ಮುರದ ಕಾಲಿನ ಹೆಬ್ಬೆರಳು ಹಿಡಕೊಂಡ್ಲು. ಕೈ ತಣ್ಣಗ, ಹಸಿ.

“ಬೆರಳು ಆಡಸಪಾ,” ಅಂದ್ಲು. ಕನ್ನಡದಾಗ.

ಆಡಿಸಿದ.

“ಹಾಂ... ಜೀವ ಐತಿ.”

ಚಾಳಿನ ಸಂತು ಸ್ಕೂಟರ್ ಮ್ಯಾಲ ಬಂದ. ಲೈಟ್ ಬಿತ್ತು. “ಯಾರ ಜೋಡಿ ಮಾತಾಡಾಕತ್ತೀಯೋ?” ಅಂದ. ಅಲ್ಲಿ ಯಾರೂ ಇದ್ದಿಲ್ಲ.

ಮರುದಿನ ಮುಂಜಾನೆ ಆಪರೇಶನ್. ಸಣ್ಣ ನರ್ಸಿಂಗ್ ಹೋಮು. ಹೆಂಡ್ತಿ ಗುಲಾಫಶಾ ಬಾಗಲ ಹೊರಗ ಬೆಂಚಿನ ಮ್ಯಾಲ. ಒಳಗ ಇವನ ಬೆನ್ನಿಗೆ ಸೂಜಿ ಕೊಟ್ರು. ಸೊಂಟದಿಂದ ಕೆಳಗ ಏನೂ ಇಲ್ಲ. ಎಚ್ಚರ ಮಾತ್ರ ಐತಿ. ಎರಡೂ ಕೈ ಹಲಗಿಗೆ ಕಟ್ಟಿದ್ರು, ಎದಿ ಮ್ಯಾಲ ಹಸರ ಪರದೆ.

ರಕ್ತ ಹರೀಬಾರದು ಅಂತ ತೊಡಿಗೆ ಒಂದು ಪಟ್ಟಿ ಬಿಗೀತಾರ್ರಿ. ಬಿ.ಪಿ. ನೋಡೋ ಪಟ್ಟಿಯಂಥದ್ದ, ಇನ್ನೂ ಅಗಲ. ಮಶೀನು ಗಾಳಿ ತುಂಬತೈತಿ. ಎರಡು ತಾಸಿನೊಳಗ ಅದನ್ನ ಬಿಡಬೇಕು. ರಕ್ತ ಇಲ್ಲದ ಬಾಳ ಹೊತ್ತು ಇಟ್ರ ನರ, ಮಾಂಸ ಸಾಯಾಕ ಹತ್ತತಾವ. ಅಲ್ಲಿ ಮಶೀನಿನ ಗಂಟಿ ಕೆಟ್ಟಿತ್ತು. ಅದಕ್ಕ ಅನುರಾಧಾ ಸಿಸ್ಟರ್ ಅರ್ಧ ತಾಸಿಗೊಮ್ಮೆ ಕೂಗಿ ಹೇಳೂದಂತ ಮಾತಾಗಿತ್ತು. “ತೀಸ್ ಮಿನಿಟ್, ಸರ್.” “ಏಕ್ ಘಂಟಾ, ಸರ್.”

ಬಾಜೂಕಿನ ರೂಮಿನ್ಯಾಗ ಒಂದು ಹೆರಿಗಿ ಕೆಡತು. ಅರಿವಳಿಕಿ ಡಾಕ್ಟರು ಓಡಿದ್ರು, ಹಿಂದ ಅನುರಾಧಾನೂ. ಅಕಿ ಬದಲಿ ಬಂದ ಹೊಸ ಸಿಸ್ಟರ್‌ಗೆ ಟೈಮಿಂದು ಯಾರೂ ಹೇಳಲಿಲ್ಲ. ಆಪರೇಶನ್ ಮಾಡೋ ತಿಲಕ್ ಡಾಕ್ಟರು ಎಲುಬಿನ ಚೂರು ಕೂಡಸೂದ್ರಾಗ ಮುಳುಗಿದ್ರು. ಡ್ರಿಲ್ಲಿನ ಸಪ್ಪಳ, ಝುಂಯ್... ಆಮ್ಯಾಲ ಸ್ಕ್ರೂ ತಿರುವೋ ಕರಕ್, ಕರಕ್. ಯಾರೂ ಕೂಗಲಿಲ್ಲ.

ಆವಾಗ ಹೆಬ್ಬೆರಳು ಯಾರೋ ಹಿಡದ್ರು.

ಕೇಳ್ರಿ... ಇಡೀ ಕಾಲು ಇಲ್ಲದಂಗ ಐತಿ. ಚಾಕು ಗೊತ್ತಾಗಿಲ್ಲ, ಡ್ರಿಲ್ ಗೊತ್ತಾಗಿಲ್ಲ. ಆ ಕೈ ಗೊತ್ತಾತು. ತಣ್ಣಗ, ಹಸಿ.

“ಬೆರಳು ಆಡಸಪಾ.”

ಆಡಿಸಾಕ ಆಗಲಿಲ್ಲ.

ಸ್ವಲ್ಪ ತಡದು, ಪರದೆ ಆಚಿಂದ, ಸಣ್ಣಗ... “ಎರಡು ತಾಸಾತು. ಪಟ್ಟಿ ಬಿಡ್ರಿ ಅನ್ನು.”

ಇವನ ಬಾಯಿ ಒಣಗಿತ್ತು. ಮೊದಲ ಸಲ ದನಿ ಹೊರಡಲಿಲ್ಲ. “ಅನ್ನಪಾ,” ಅಂದ್ಲು.

“ಡಾಕ್ಟರ್ ಸಾಬ್... ದೋ ಘಂಟೇ ಹೋ ಗಯೇ. ಪಟ್ಟಾ ಛೋಡೋ.”

ಡ್ರಿಲ್ ನಿಂತಿತು. ತಿಲಕ್ ಡಾಕ್ಟರು ಗಡಿಯಾರ ನೋಡಿದ್ರು. ಹನ್ನೆರಡು ದಾಟಿ ಏಳು ನಿಮಿಷ. ಹತ್ತೂ ಐದಕ್ಕ ಬಿಗಿದಿದ್ರು. ಯಾರನ್ನೂ ಬೈಲಿಲ್ಲ. “ಬಿಡ್ರಿ,” ಅಂದ್ರು. ಸ್ಸ್ಸ್... ಅಂತ ಗಾಳಿ ಇಳೀತು. ಪಾದ ಮೇಣದಂಗ ಬಿಳುಪು ಇತ್ತಂತ, ನಿಧಾನಕ ಕೆಂಪಾತಂತ. ಉಳದ ಕೆಲಸ ಪಟ್ಟಿ ಇಲ್ಲದನ ಮುಗಿಸಿದ್ರು.

ಸಂಜಿಗೆ ಡಾಕ್ಟರು ಬಂದು ಹಾಸಿಗಿ ಬಾಜೂ ನಿಂತು ಹಿಂದಿಯೊಳಗ ಹೇಳಿದ್ರು. “ನಮ್ಮಿಂದ ತಪ್ಪಾತು. ಹಂಗ ಬಿಟ್ಟಿದ್ರ ಕಾಲಿಗೆ ಏನಾಗತಿತ್ತೋ. ನಿಮಗ ಹೆಂಗ ಗೊತ್ತಾತು?”

“ಯಾರೋ ಹೇಳಿದ್ರು,” ಅಂದ ರಿಯಾಜ.

“ಅಂಜಿಕಿ ಬರಲಿಲ್ಲೇನೋ?” ಅಂತ ನಾನೂ ಕೇಳಿದೆ. “ಇಲ್ಲ ಭಾಯಿ. ಏನೂ ಬರಲಿಲ್ಲ. ಈಗೂ ಬರವಲ್ಲದು,” ಅಂದ. ಈಗ ನಡೀತಾನ, ನಿಚ್ಚಣಿಕಿ ಏರತಾನ. ಆ ಹೆಬ್ಬೆರಳಿಗೆ ಮಾತ್ರ ಬಿಸಿನೀರು ಹಾಕಿದ್ರೂ ಗೊತ್ತಾಗೂದಿಲ್ಲ. ಬಾವಿ ಕಡೆ ಹೋಗೂ ದಾರಿ ಬದಲಿ ಮಾಡ್ಯಾನ.

ಆಪರೇಶನ್ ಆಗಿ ಎರಡು ತಿಂಗಳಾದ ಮ್ಯಾಲ ದಾದರಿನ ಇನ್ನೊಬ್ಬ ಡಾಕ್ಟರಿಗೆ ತೋರಸಾಕ ಹೋದ್ವಿ. ಗುಲಾಫಶಾ ಫೈಲ್ ಹಿಡದಿದ್ಲು. ಡಾಕ್ಟರು ಆಪರೇಶನ್ ಹಾಳಿ ತಿರುವಿ, ಒಂದು ಕಡೆ ಬೆರಳಿಟ್ಟು, “ಯೇ ಕ್ಯಾ ಲಿಖಾ ಹೈ?” ಅಂತ ನನ್ನ ಕಡೆ ಹಿಡದ್ರು. ಪಟ್ಟಿ ಬಿಗದ ಹೊತ್ತು, ನೀಲಿ ಪೆನ್ನು, 10.05, ಅನುರಾಧಾನ ಸಹಿ. ಕೆಳಗ ಬಿಟ್ಟ ಹೊತ್ತು. “ಆ ಕಾಲಂ ತುಂಬೂದ ನಾ ಮರತಿದ್ದೆ” ಅಂತ ಅನುರಾಧಾ ಆಮ್ಯಾಲ ಫೋನಿನ್ಯಾಗ ಆಣಿ ಮಾಡಿದ್ಲು. ಆ ಆಸ್ಪತ್ರ್ಯಾಗ ಕನ್ನಡ ಓದಾಕ, ಬರಿಯಾಕ ಬರೋರು ಒಬ್ಬರೂ ಇಲ್ಲ.

ಅಲ್ಲಿ ಪೆನ್ಸಿಲ್ಲಿನಾಗ, ಸಾಲಿ ಅಕ್ಷರದಂಗ ದುಂಡಗ, ಕನ್ನಡ ಅಂಕಿಯೊಳಗ ಬರದಿತ್ತು. ೧೨.೦೭.

ಆ ಹಾಳಿ ಅವರ ಮನ್ಯಾಗ ಐತಿ. ನಾನ ಓದೀನಿ, ಈ ಕಣ್ಣಲೆ.