ಚಾಕುವಿನ ತುದಿಯ ಕೆನೆ

ಬೆಲ್‌ಗ್ರೇಡಿನ ಸಂತೆಯಲ್ಲಿ ಕೆನೆ ಕೊಳ್ಳಲು ನಿಂತಿದ್ದ ದೆಸಾಂಕಾಳ ಮುಂದೆ ಅಕ್ಕ, ತಮ್ಮ ಇಬ್ಬರಿದ್ದರು.

"ಈ ಊರಲ್ಲಿದ್ದಾಗ ನೀನು ಉಣ್ತಿದ್ದ ಹೋಟ್ಲೆಲ್ಲಾ ಸುತ್ತಾಯ್ತಲ್ಲಕ್ಕ. ಜ್ವರದಲ್ಲಿ ಹೋದ ರುಚಿ ಎಲ್ಲೂ ಬರ್ಲಿಲ್ಲ. ಸಾಕು, ನಡಿ."

"ಇದೊಂದು ನೋಡ್ಬಿಡ್ತೀನಿ ವುಕಾನ್. ನಾಲಿಗೆ ಸತ್ತಿರೋ ಅಡುಗೆಯವಳನ್ನ ಯಾರು ಕೆಲಸಕ್ಕಿಟ್ಕೋತಾರೆ ಹೇಳು."

ಕೆನೆಗೆ ಉಪ್ಪು ಹಾಕಿಡುವುದು, ಕೊಳ್ಳುವ ಮುಂಚೆ ರುಚಿ ನೋಡಿ ಹೇಳುವುದು ಅಲ್ಲಿಯ ರೂಢಿ. ಮಾರುವವಳು ಚಾಕುವಿನ ತುದಿಯಲ್ಲಿ ಕೆನೆ ಚಾಚಿದಳು. ಅಕ್ಕ ಕಣ್ಣು ಮುಚ್ಚಿ ಚಪ್ಪರಿಸಿದಳು.

"ಬಂತು ಕಣೋ. ಅದೇ ಹಳೇ ಉಪ್ಪು."

"ಉಪ್ಪಾ? ಇವತ್ತು ತೆಗೆದಿದ್ದು ತಾಯಿ, ಇನ್ನೂ ಉಪ್ಪೇ ಹಾಕಿಲ್ಲ," ಎಂದಳು ಮಾರುವವಳು.

ವುಕಾನ್ ಬಾಗಿ ಅದೇ ಚಾಕುವಿನಿಂದ ತಾನೂ ಒಂದಿಷ್ಟು ನೆಕ್ಕಿದ.

"ಇದೆಯಲ್ಲಮ್ಮ, ಹದವಾಗೇ ಇದೆ. ಅರ್ಧ ಕಿಲೋ ಕಟ್ಟು."

ಅಕ್ಕ ಅವನ ಮುಖ ನೋಡಲಿಲ್ಲ. ಅವನ ತೋಳು ಹಿಡಿದುಕೊಂಡು ಹೊರಟುಹೋದಳು.