ಝುಬೇರನ ರ‍್ಯಾಮು

ಮಳವಳ್ಳಿ ಬಸ್ ನಿಲ್ದಾಣದಲ್ಲಿ ಮಂಡ್ಯದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಜೆರಾಕ್ಸ್ ಅಂಗಡಿಯ ಪುಟ್ಟಸ್ವಾಮಿ ಮತ್ತು ಅವನ ಗೆಳೆಯ ಬೋರಲಿಂಗ ಕೂತಿದ್ದರು. ಪುಟ್ಟಸ್ವಾಮಿಯ ಕೈಯಲ್ಲಿ ಕರ್ಚೀಫು, ಅದರೊಳಗೆ ಕಂಪ್ಯೂಟರಿಗೆ ಮೆಮೊರಿ ಕೊಡುವ ಪುಟ್ಟ ಪಟ್ಟಿ, ರ‍್ಯಾಮು.

“ರಿಪೇರಿ ಅಂಗ್ಡಿ ಝುಬೇರಂದೇನ್ಲಾ ಅದು?” ಎಂದ ಬೋರಲಿಂಗ.

“ಊಂ ಕಣ್ಲಾ. ಅವ್ನು ರಿಪೇರಿ ಮಾಡ್ಕೊಟ್ಟ ಮ್ಯಾಲೆ ಎಂಟು ಜಿಬಿ ಇದ್ದ ಮೆಮೊರಿ ನಾಕೇ ತೋರಿಸ್ತಿತ್ತು. ಎರಡ್ರಲ್ಲಿ ಒಂದು ರ‍್ಯಾಮು ಕದ್ದವ್ನೆ ಅಂದೆ.”

“ಅಂದಿದ್ದಾ? ಸಂತೆ ದಿನ ಬೀದೀಲಿ ನಿಂತು ಕೂಗ್ದೆ ನೀನು.”

“ಬಿಚ್ಚಿ ನೋಡ್ತೀನಿ ಕೊಡಣ್ಣ ಅಂದ. ನನ್ ಕಂಪ್ಯೂಟರ್ ಮುಟ್ಬ್ಯಾಡ ಅಂದೆ. ತನ್ ಕಂಪ್ಯೂಟರಿಂದ ಇದ್ನ ಕಿತ್ತು ನನ್ ಮೇಜಿನ್ ಮ್ಯಾಲೆ ಮಡಗಿ ಒಂಟೋದ.”

“ಈಗ್ಯಾಕೆ ಇಡ್ಕೊಂಡಿದ್ದೀಯ?”

“ನೆನ್ನೆ ಇದ್ನ ಆಕಾನ ಅಂತ ನಾನೇ ಡಬ್ಬ ಬಿಚ್ದೆ. ನಮ್ಮವೆರಡೂ ಒಳಗೇ ಅವೆ. ಒಂದು ಸರಿಯಾಗಿ ಕೂತಿರ್ನಿಲ್ಲ. ಬೆರಳಲ್ಲಿ ಒತ್ತಿ ಆನ್ ಮಾಡ್ದೆ. ಎಂಟು ತೋರಿಸ್ತು.”



“ಅವ್ನು ಅಂಗ್ಡಿ ಮುಚ್ಚಿ ಮಂಡ್ಯದಲ್ಲಿ ಯಾರ್ದೋ ಕೈಕೆಳಗೆ ಸೇರ್ಕೊಂಡವ್ನೆ.”

“ಅಲ್ಗೇ ಓಯ್ತಿವ್ನಿ. ಇದ್ನ ಕೊಟ್ಟು, ತಪ್ಪಾಯ್ತು ಅಂತೀನಿ.”

“ನೀನು ಕಳ್ಳ ಅಂದಿದ್ದು ಮಳವಳ್ಳೀಲಿ ಕಣ್ಲಾ. ಮಂಡ್ಯದಲ್ಲಿ ಅವ್ನ ಯಾರೂ ಕಳ್ಳ ಅಂದಿಲ್ಲ.”

ಬಸ್ಸು ಬಂತು. ಪುಟ್ಟಸ್ವಾಮಿ ಎದ್ದ.

“ಅಂಗಾರೆ ಇಲ್ಗೇ ಕರ್ಕೊಂಡು ಬತ್ತೀನಿ. ಸಂತೆ ದಿನ ಅದೇ ಜಾಗದಲ್ಲಿ ನಿಂತು, ತಪ್ಪು ನಂದೇ ಅಂತ ಏಳ್ತೀನಿ.”

“ಬತ್ತಾನಾ?”

ಪುಟ್ಟಸ್ವಾಮಿ ಕರ್ಚೀಫನ್ನು ಅಂಗಿಯ ಜೇಬಿಗಿಟ್ಟುಕೊಂಡು, ಬೋರಲಿಂಗನ ಮುಖ ನೋಡದೆ ಬಸ್ಸು ಹತ್ತಿದ.