ಅದಲುಬದಲಾದ ಹಬ್

ಒಂದಾನೊಂದು ಊರಲ್ಲಿ ಒಬ್ಬ ಮುದುಕ ತನ್ನ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಲ್ಲಿ ಹೆಂಡತಿಗೆ ಕಡಲು ತೋರಿಸುತ್ತೇನೆಂದು ಮದುವೆಯ ದಿನವೇ ಮಾತು ಕೊಟ್ಟಿದ್ದನಂತೆ. ನನ್ನ ಸ್ಕೂಟರ್ ರಿಪೇರಿಗೆ ನಾನು ಕಾದು ಕೂತಿದ್ದ ಗ್ಯಾರೇಜಿನ ಮೂಲೆಯಲ್ಲಿ ಅವರಿಬ್ಬರೂ ವರ್ಷಗಟ್ಟಲೆ ರಿಪೇರಿಯಲ್ಲಿದ್ದ ಆ ಕಾರಿಗೆ ಕಡೆಯ ಚಕ್ರ ಕೂರಿಸುತ್ತಿದ್ದರು.

“ಇವತ್ತು ಹೊರಟೇಬಿಟ್ವಿ ಕಣೇ!”

“ನಿಲ್ರೀ. ಮುಂದಿನ ಚಕ್ರ ಕೂರೋ ಹಬ್ ಎರಡೂ ಅದಲುಬದಲಾಗಿವೆ. ಎಡಗಡೇದು ಬಲಕ್ಕೆ ಹಾಕಿದೀರಿ.”

“ಎರಡೂ ಒಂದೇ ಅಲ್ವೇನೇ?”

“ಒಂದರ ಥ್ರೆಡ್ ಇನ್ನೊಂದಕ್ಕೆ ಉಲ್ಟಾ ರೀ! ಓಡ್ತಾ ಓಡ್ತಾ ಚಕ್ರದ ನಡುವಿನ ನಟ್ ತಾನೇ ಬಿಚ್ಕೊಳ್ಳುತ್ತೆ. ನಮಗಿಂತ ಮೊದಲು ಚಕ್ರ ಕಡಲು ನೋಡುತ್ತೆ.”

“ಅಯ್ಯಯ್ಯೋ, ಬಿಚ್ಚು ಬಿಚ್ಚು! ನಿಂಗಿದೆಲ್ಲ ಯಾರೇ ಹೇಳಿದ್ದು?”

“ಇಷ್ಟು ವರ್ಷ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದು ನಿಮ್ಮ ಮುಖ ನೋಡೋಕಾ?”

ಹಬ್‌ಗಳು ತಮ್ಮ ತಮ್ಮ ಕಡೆಗೆ ಹೋದವು. ಸುತ್ತಿಗೆಯಿಂದ ಹೊಡೆದೇ ಬಿಗಿಮಾಡುವ ಆ ನಟ್‌ಗೆ ಕೊನೆಯ ಪೆಟ್ಟು ಆಕೆಯದೇ.

“ಹತ್ತೇ, ಮಹಾರಾಣಿ!”

“ಮೊದಲು ಕೈ ತೊಳ್ಕೊಳ್ಳಿ. ಹೊಸ ಬಟ್ಟೆಗೆ ಗ್ರೀಸ್ ತಾಗಿದ್ರೆ ಇಲ್ಲೇ ಇಳೀತೀನಿ.”

ಮುದುಕ ಓಡಿಹೋಗಿ ಕೈ ತೊಳೆದು ಬಂದ. ಕಾರು ಗೇಟು ದಾಟಿತು.